ಇ-ಓದು: ಕನ್ನಡವೇಕೆ ಹೊರಗೆ?
ಬ್ಯಾಡಗಿ, ರಾಣೆಬೆನ್ನೂರಿನಂತಹ ಊರುಗಳ ಪುಸ್ತಕಪ್ರಿಯರಿಗೆ ಇ-ರೀಡರ್ ವರವಾಗಬೇಕಿತ್ತು. ಅಕ್ಷರ ಹಿಗ್ಗಿಸಿಕೊಳ್ಳಬಹುದಾದ್ದರಿಂದ ಮಂದದೃಷ್ಟಿಯ ಹಿರಿಯರಿಗೂ ಓದು ಸಲೀಸು. ಆದರೆ 2016ರಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಮುದ್ರಿತ ಪುಸ್ತಕ ತೊರೆದು ಆ ಸಾಧನಕ್ಕೆ ಒಲಿದವರು ಇಂಗ್ಲಿಷಿಗೇ ಒಲಿದಂತಾಯಿತು. ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕಗಳಿವೆ, ನಿಜ. ಗಂಟೆಗಟ್ಟಲೆ ಓದಲು ಆ ಹೊಳೆಯುವ ಪರದೆ ಒಗ್ಗದು.

ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದವರು. 1942ರಲ್ಲಿ ತೀರಿಕೊಂಡ ಅವರ ಕೃತಿಗಳಿಗೆ ಈಗ ಹಕ್ಕುಸ್ವಾಮ್ಯದ ತೊಡಕೂ ಇಲ್ಲ. 2023ರಲ್ಲಿ ಹಾವೇರಿಯಲ್ಲೇ ಸಾಹಿತ್ಯ ಸಮ್ಮೇಳನ ನಡೆಸಿದ ಸರ್ಕಾರ ಮತ್ತು ಸಾಹಿತ್ಯ ಪರಿಷತ್ತು ಇಂತಹ ಕೃತಿಗಳನ್ನು ಯೂನಿಕೋಡ್ ಪಠ್ಯವಾಗಿ ಒದಗಿಸಲಿ. ಸ್ಕ್ಯಾನ್ ಮಾಡಿದ ಪುಟ ಸಾಲದು. ಅದರ ಅಕ್ಷರ ಓದುಗನ ಕಣ್ಣಿಗೆ ತಕ್ಕಂತೆ ಹಿಗ್ಗಿ, ಸಾಲು ಮುರಿದು ಕೂರುವುದಿಲ್ಲ.