ಕಮರಿ ಇಲ್ಲದ ಕಪಿಲೆ

ಚೌಕಾಬಾರ ಆಡುವ ಕವಡೆಗಳಲ್ಲಿ ಒಡೆದದ್ದೊಂದನ್ನು ತೆಗೆದುಕೊಳ್ಳಿ. (ಒಳ್ಳೆಯದಕ್ಕೆ ಕೈ ಹಾಕಿದರೆ ಅಜ್ಜಿ ಸುಮ್ಮನಿರುವುದಿಲ್ಲ.) ಅದರ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅದೇ ರಸವನ್ನು ಒರಳುಕಲ್ಲಿನ ಮೇಲೆ ಬಿಡಿ. ಏನೂ ಆಗುವುದಿಲ್ಲ.

ಕವಡೆಯಲ್ಲಿರುವುದೂ ಸುಣ್ಣಕಲ್ಲಿನಲ್ಲಿರುವುದೂ ಒಂದೇ, ಕ್ಯಾಲ್ಸಿಯಂ ಕಾರ್ಬೋನೇಟ್. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಲಕ್ಷಾಂತರ ವರ್ಷ ಆ ನೀರು ಹರಿದರೆ ಸುಣ್ಣಕಲ್ಲು ಕರಗಿ, ಸವೆದು, ಎರಡು ಕಡೆ ಗೋಡೆ ಎದ್ದ ಕಮರಿಯಾಗುತ್ತದೆ.

ಈಚೆಗೆ ಮೊಮ್ಮಗಳೊಂದಿಗೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಕಾಕನಕೋಟೆಗೆ ಹೋಗಿದ್ದೆ. ಟೀವಿಯಲ್ಲಿ ಅಂಥ ಕಮರಿ ನೋಡಿದ್ದ ಅವಳು, ಸಫಾರಿ ಬಸ್ಸು ಕಬಿನಿಯ ಹಿನ್ನೀರಿನ ಬಳಿ ನಿಂತಾಗ, "ತಾತ, ಗೋಡೆ ಎಲ್ಲಿ?" ಎಂದಳು. ಗೋಡೆ ಇಲ್ಲ. ಕಬಿನಿ, ಅಂದರೆ ನಮ್ಮ ಹಳಬರ ಕಪಿಲೆ, ವಯನಾಡಿನಿಂದ ಇಳಿದು ಬಂದು ಇಲ್ಲಿ ಒರಳುಕಲ್ಲಿನಂಥ ಗಟ್ಟಿ ಶಿಲೆಯ ಮೇಲೆ ಅಗಲವಾದ ತಗ್ಗಿನಲ್ಲಿ ಹರಿಯುತ್ತಿತ್ತು.

ಆ ಹೊಳೆಗೆ ಕಾಡಾನೆಗಳನ್ನು ಅಟ್ಟಿ ಖೆಡ್ಡಾ ನಡೆಸುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಮರಿಯಲ್ಲಾದರೆ ನೀರು ಲೋಟದಲ್ಲಿ ನಿಂತ ಹಾಗೆ ಮೇಲಕ್ಕೆ ಏರುತ್ತದೆ. ಇಲ್ಲಿ ತಟ್ಟೆಗೆ ಸಾರು ಸುರಿದ ಹಾಗೆ ಹರಡಿತು. ಕಾಡೂ ಮುಳುಗಿತು, ಹಳ್ಳಿಗಳೂ ಮುಳುಗಿದವು.

ಬೇಸಿಗೆಯಲ್ಲಿ ನೀರು ಇಳಿದಾಗ ಅಂದಿನ ಮರಗಳ ಕಪ್ಪು ಬೊಡ್ಡೆಗಳು ಮೇಲೇಳುತ್ತವೆ. ಅವುಗಳ ಸುತ್ತ ಎಳೆ ಹುಲ್ಲು ಚಿಗುರುತ್ತದೆ. ಉಳಿದ ಕಾಡೆಲ್ಲ ಒಣಗಿರುವಾಗ ಆನೆಗಳು ಹಿಂಡು ಹಿಂಡಾಗಿ ಆ ಹುಲ್ಲಿಗೆ ಬರುತ್ತವೆ. ಮೊಮ್ಮಗಳು ಹದಿನೇಳರವರೆಗೆ ಎಣಿಸಿದಳು. ಅಷ್ಟರಲ್ಲಿ ಮರಿಯೊಂದು ತಾಯಿಯ ಕಾಲಡಿ ನುಸುಳಿ ಲೆಕ್ಕ ಕೆಡಿಸಿತು. ಗೋಡೆಯ ಮಾತು ಆಮೇಲೆ ಬರಲಿಲ್ಲ.

ಆದರೆ ಆ ಬೊಡ್ಡೆಗಳನ್ನು ಕಂಡು ನನಗೆ ನೆನಪಾದವರೇ ಬೇರೆ. ಬಹಳ ಹಿಂದೆ ನಾನು ಎಚ್.ಡಿ. ಕೋಟೆಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹಿರಿಯರೊಬ್ಬರು ಖಾತೆ ತೆರೆಯಲು ಬಂದಿದ್ದರು. "ಯಾವೂರು ಯಜಮಾನ್ರೇ?" ಎಂದು ಕೇಳಿದೆ.

"ಈಗಿರೋದು ಹೇಳ್ಲಾ ಸ್ವಾಮಿ, ನೀರೊಳಗಿರೋದು ಹೇಳ್ಲಾ?"

ಬೇಸಿಗೆ ಬಂದಾಗಲೆಲ್ಲ ದಡಕ್ಕೆ ಹೋಗಿ, ಮನೆ ಇದ್ದ ಜಾಗ ಕಂಡೀತೇ ಎಂದು ನೋಡಿ ಬರುತ್ತಿದ್ದರಂತೆ. ಫಾರಂನಲ್ಲಿ ಊರಿಗೆ ಇದ್ದದ್ದು ಒಂದೇ ಗೆರೆ. ಎರಡನ್ನೂ ಬರೆದೆ, ಹಳೆಯದನ್ನು ಸಣ್ಣ ಅಕ್ಷರದಲ್ಲಿ.