ಚಂಚಲಚಿತ್ತದ ಮಕ್ಕಳ ಪರವಾಗಿ ಒಂದು ವಿಜ್ಞಾಪನೆ

ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಯ ಕ್ರೈಸ್ತ ತಂದೆತಾಯಂದಿರಿಗೂ, ಗುರುಗಳಿಗೂ, ಧರ್ಮಭಗಿನಿಯರಿಗೂ, ಭಾನುವಾರದ ಧರ್ಮೋಪದೇಶದ ಶಿಕ್ಷಕರಿಗೂ.

ಪೂಜೆಯ ಹೊತ್ತಿನಲ್ಲಿ ಸ್ವಲ್ಪ ಕಾಲವೂ ಕುಳಿತಿರಲಾರದೆ ಬೆಂಚಿನಡಿಗೆ ನುಸುಳುವ, ಶಾಲೆಯಲ್ಲಿ ಬರೆಯತೊಡಗಿದ ವಾಕ್ಯವನ್ನು ಅರ್ಧದಲ್ಲಿಯೇ ಬಿಟ್ಟು ಕಿಟಕಿಯಾಚೆ ನೋಡುವ, ಕೊಡೆಯನ್ನೂ ಬುತ್ತಿಯನ್ನೂ ಮತ್ತೆ ಮತ್ತೆ ಬಸ್ಸಿನಲ್ಲಿ ಮರೆತು ಬರುವ, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರವನ್ನು ಕೂಗಿಬಿಡುವ ಮಗುವನ್ನು ಪೋಕರಿಯೆಂದೋ, ಸೋಮಾರಿಯೆಂದೋ, ಮುದ್ದಿನಿಂದ ಕೆಟ್ಟದ್ದೆಂದೋ, ಒಮ್ಮೊಮ್ಮೆ ದುಷ್ಟಶಕ್ತಿಯ ಬಾಧೆಗೆ ಒಳಗಾದದ್ದೆಂದೋ ಹೆಸರಿಟ್ಟು ನಾವು ಸುಮ್ಮನಾಗಿಬಿಡುತ್ತೇವೆ. ಅಂತಹ ಮಕ್ಕಳಲ್ಲಿ ಅನೇಕರಿಗಿರುವುದು ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುವ, ಅವಧಾನವನ್ನೂ ಆವೇಗವನ್ನೂ ನಿಯಂತ್ರಿಸುವ ಮಿದುಳಿನ ಶಕ್ತಿಯ ಬೆಳವಣಿಗೆಯಲ್ಲಿನ ವ್ಯತ್ಯಾಸ. ಅಂಥ ಮಗುವಿಗೆ ವೈದ್ಯರ ನೆರವನ್ನು ದೊರಕಿಸುವುದು ಕ್ರೈಸ್ತ ವಿಶ್ವಾಸದ ಕರ್ತವ್ಯಗಳಲ್ಲಿ ಒಂದೆಂಬುದನ್ನೂ, ಪ್ರಾರ್ಥನೆಯನ್ನು ಚಿಕಿತ್ಸೆಯ ಬದಲಿಗೆ ನಿಲ್ಲಿಸುವುದು ಮಗುವಿಗೂ ಪ್ರಾರ್ಥನೆಗೂ ಅನ್ಯಾಯವೆಂಬುದನ್ನೂ ತಮ್ಮ ಮುಂದಿಡುವುದೇ ಈ ಕರಪತ್ರದ ಉದ್ದೇಶ.

ಎ.ಡಿ.ಎಚ್.ಡಿ. ಮೊಬೈಲು ಬಂದ ಮೇಲೆ ಹುಟ್ಟಿದ ಕಾಯಿಲೆಯೆಂಬ ಮಾತು ಸರಿಯಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಷ್ಟು ಹಿಂದೆಯೇ ಚಿತ್ತ ನಿಲ್ಲದ ಸ್ಥಿತಿಯನ್ನು ವಿವರಿಸಿದ್ದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಉಪನ್ಯಾಸಗಳಲ್ಲಿ, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದನು. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದಿರುವುದೆಂದು ಅಂದಾಜು. ಎಂದರೆ ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಇಬ್ಬರು. ಇದಕ್ಕೆ ವಂಶಪಾರಂಪರ್ಯವೇ ಬಹುಮಟ್ಟಿನ ಕಾರಣವಾದುದರಿಂದ, ಮಗನನ್ನು ಪರೀಕ್ಷೆಗೆ ಕರೆದೊಯ್ದ ತಂದೆ ವೈದ್ಯರ ಪ್ರಶ್ನೆಗಳನ್ನು ಕೇಳುತ್ತ ತನ್ನ ಬಾಲ್ಯವನ್ನೇ ಗುರುತಿಸಿಕೊಳ್ಳುವುದೂ ಉಂಟು.

ಆದರೆ ಚುರುಕಾದ ಮಕ್ಕಳೆಲ್ಲರಿಗೂ ಈ ಹೆಸರನ್ನು ಅಂಟಿಸಲಾಗದು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು, ಆರು ತಿಂಗಳಿಗೆ ಕಡಮೆಯಿಲ್ಲದೆ ಉಳಿದಿರಬೇಕು, ಮನೆಯಲ್ಲಿಯೂ ಶಾಲೆಯಲ್ಲಿಯೂ ಕಾಣಿಸಿಕೊಂಡು ಬಾಳಿಗೆ ತೊಡಕಾಗಿರಬೇಕು. ಕಣ್ಣು, ಕಿವಿ, ನಿದ್ರೆ, ಮನೆಯೊಳಗಿನ ದುಃಖ ಇವುಗಳಲ್ಲಿ ಕಾರಣವಿದೆಯೇ ಎಂಬುದನ್ನೂ ವೈದ್ಯರು ವಿಚಾರಿಸತಕ್ಕದ್ದು. ಓಡಾಡದೆ, ಗದ್ದಲ ಮಾಡದೆ, ಕುಳಿತಲ್ಲಿಯೇ ಕಳೆದುಹೋಗುವ ಹೆಣ್ಣುಮಗುವಿನಲ್ಲಿಯೂ ಇದಿರಬಹುದು. ಅವಳು ಯಾರಿಗೂ ಉಪದ್ರವ ಕೊಡದವಳಾದ್ದರಿಂದಲೇ ಯಾರ ಕಣ್ಣಿಗೂ ಬೀಳದೆ ಉಳಿಯುವಳು.

ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಶಿಷ್ಯರು ಕೇಳಿದಾಗ, ಪ್ರಭು ಯೇಸು ಆ ಎರಡನ್ನೂ ನಿರಾಕರಿಸಿದ ಪ್ರಸಂಗ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಆ ಪ್ರಶ್ನೆಯನ್ನು ನಾವು ಇಂದಿಗೂ ಚರ್ಚಿನ ಅಂಗಳದಲ್ಲಿ ನಿಂತು ಕೇಳುತ್ತಿದ್ದೇವೆ. ಬಳಲಿದ ತಾಯಿಯೊಬ್ಬಳ ಕಿವಿಗೆ ಬೀಳುವಂತೆಯೇ ಕೇಳುತ್ತಿದ್ದೇವೆ. ಮರಣವನ್ನೇ ಬೇಡಿಕೊಂಡು ಗಿಡದ ನೆರಳಿನಲ್ಲಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಬೋಧನೆಗಿಂತ ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ನಿದ್ರಿಸಲು ಬಿಟ್ಟನಷ್ಟೆ. ಕಥೋಲಿಕ ಬೈಬಲಿನ ಸಿರಾಖ ಗ್ರಂಥವು ತನ್ನ 38ನೆಯ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಬೇಕೆಂದು ಕಲಿಸುವುದಲ್ಲದೆ, ಪ್ರಾರ್ಥನೆಯನ್ನೂ ಔಷಧವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದ ಫಾದರ್ ಮುಲ್ಲರ್ ಯೇಸುಸಭೆಯ ಯಾಜಕರಾಗಿದ್ದರೆಂಬುದನ್ನು ನಮ್ಮ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ.

ಇನ್ನು ಮನೆಯ ವಿಚಾರ. ಎಳೆಯ ಅಡಕೆ ಸಸಿಗೆ ಪಡುವಣ ಬಿಸಿಲು ತಾಕಿ ಕಾಂಡ ಸುಡದಂತೆ ಸೋಗೆಯನ್ನು ಕಟ್ಟುವ ನಮ್ಮ ಕೃಷಿಕನು ಸಸಿಯನ್ನು ಬಯ್ಯುತ್ತ ನಿಲ್ಲುವುದಿಲ್ಲ. ಸುತ್ತಲಿನ ವ್ಯವಸ್ಥೆಯನ್ನು ಬದಲಿಸುತ್ತಾನೆ. ಮಗುವಿನ ವಿಷಯದಲ್ಲಿಯೂ ಮಾಡಬೇಕಾದದ್ದು ಅದೇ. ಸ್ನಾನ ಮಾಡಿ, ಅಂಗಿ ಹಾಕಿ, ಚೀಲ ತುಂಬಿ, ಬೇಗ ಬಾ ಎಂದು ನಾಲ್ಕು ಆಜ್ಞೆಗಳನ್ನು ಒಟ್ಟಿಗೆ ಎಸೆಯದೆ, ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಒಂದನ್ನು ಮಾತ್ರ ಹೇಳಿ, ಅದು ಮುಗಿದ ಮೇಲೆ ಇನ್ನೊಂದನ್ನು ಹೇಳಬೇಕು. ಬೆಳಗಿನ ಕೆಲಸಗಳನ್ನು ಚಿತ್ರವಾಗಿ ಬರೆದು ಗೋಡೆಗೆ ಅಂಟಿಸಬೇಕು; ಚೀಲವನ್ನು ರಾತ್ರಿಯೇ ಬಾಗಿಲ ಬಳಿ ಇರಿಸಬೇಕು. ಪಾಠವನ್ನು ಹತ್ತು ಹದಿನೈದು ನಿಮಿಷಗಳ ತುಂಡುಗಳಾಗಿಸಿ, ನಡುವೆ ಎದ್ದು ಓಡಲು ಬಿಡಬೇಕು. ಮೆಚ್ಚುಗೆಯನ್ನು ತಿಂಗಳ ಕೊನೆಯ ಬಹುಮಾನಕ್ಕೆ ಕಾಯಿಸದೆ ಆ ಕ್ಷಣದಲ್ಲಿಯೇ, ಏನನ್ನು ಮೆಚ್ಚಿದೆವೆಂಬುದನ್ನು ಹೆಸರಿಸಿ ಹೇಳಬೇಕು; ಏಕೆಂದರೆ ಈ ಮಕ್ಕಳಿಗೆ ದೂರದ ಫಲವು ಇಲ್ಲದ ಫಲಕ್ಕೆ ಸಮಾನ. ಪೆಟ್ಟಿನಿಂದ ಅವಧಾನವು ಬೆಳೆಯುವುದಿಲ್ಲ. ಅಂಜಿಕೆ ಬೆಳೆಯುತ್ತದೆ, ಸುಳ್ಳು ಬೆಳೆಯುತ್ತದೆ.

ಔಷಧದ ಬಗೆಗೆ ಇರುವ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ತಂದೆತಾಯಂದಿರ ತರಬೇತಿಯೇ ಚಿಕಿತ್ಸೆ. ಅನಂತರ ಅಗತ್ಯಬಿದ್ದವರಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧವನ್ನು 1944ರಲ್ಲಿ ಮೊದಲು ಸಿದ್ಧಪಡಿಸಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯಲ್ಲಿ.  ಈ ಔಷಧದಿಂದ ಹಸಿವು ಕುಗ್ಗಬಹುದು, ನಿದ್ರೆ ತಡವಾಗಬಹುದು. ಆದುದರಿಂದ ತೂಕ, ಎತ್ತರ, ನಾಡಿಗಳನ್ನು ವೈದ್ಯರು ನೋಡುತ್ತಿರಬೇಕು, ನಾವಾಗಿ ಹೆಚ್ಚಿಸಲೂ ನಿಲ್ಲಿಸಲೂ ಕೂಡದು.

ಚರ್ಚು ಮಾಡಬಹುದಾದದ್ದು ಬಹಳವಿದೆ. ಮೊಂತಿ ಹಬ್ಬದ ಒಂಬತ್ತು ದಿನಗಳ ನೊವೆನದಲ್ಲಿ, ಹೂವಿನ ಬುಟ್ಟಿ ಹಿಡಿದು ಹಾಡುತ್ತ ಮಾತೆ ಮರಿಯಳಿಗೆ ಹೂವೆರಚುವ ಮಕ್ಕಳ ಸಾಲಿನಲ್ಲಿ, ಉಳಿದ ದಿನಗಳಲ್ಲಿ ಗದರಿಕೆಗೆ ಗುರಿಯಾಗುವ ಮಗುವೂ ಎಲ್ಲರಂತೆ ನಲಿಯುತ್ತದೆ. ಕೈಗೆ ಕೆಲಸ, ಕಾಲಿಗೆ ನಡಿಗೆ, ಬಾಯಿಗೆ ಹಾಡು ದೊರೆತಾಗ ಅದರ ಭಕ್ತಿಗೆ ಏನೂ ಕೊರತೆಯಿಲ್ಲ. ಹಬ್ಬದ ದಿನವಾದ ಸೆಪ್ಟೆಂಬರ್ 8ರವರೆಗೆ ಸಲ್ಲುವ ಈ ವಿವೇಕವು ವರ್ಷದ ಇತರ ಭಾನುವಾರಗಳಲ್ಲಿ ಏಕೆ ಸಲ್ಲಬಾರದು? ಸಂಜೆಯ ಜಪಸರವನ್ನು ಐದೂ ರಹಸ್ಯಗಳವರೆಗೆ ಮೊಣಕಾಲೂರಿ ಮುಗಿಸಲಾರದ ಮಗುವಿಗೆ ಒಂದು ರಹಸ್ಯವನ್ನು ಮುನ್ನಡೆಸಲು ಕೊಟ್ಟು, ದೀಪ ಹಚ್ಚುವ ಕೆಲಸವನ್ನು ಒಪ್ಪಿಸಿ, ಉಳಿದ ಹೊತ್ತು ಬಿಡುವು ಕೊಟ್ಟರೆ ದೇವರು ಮುನಿಯನು.

ಬಂಧುಗಳೇ, ಸಂಶಯವಿದ್ದರೆ ವರ್ಷಗಟ್ಟಲೆ ಕಾಯಬೇಡಿರಿ. ಶಾಲೆಗೂ ಅಂಗನವಾಡಿಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿರಿ. ಮಂಗಳೂರಿನ ವೆನ್ಲಾಕ್ ಅಥವಾ ಫಾದರ್ ಮುಲ್ಲರ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ, ಕನ್ನಡದಲ್ಲಿಯೇ ಉತ್ತರ ದೊರೆಯುವುದು. ಧರ್ಮೋಪದೇಶದ ಶಿಕ್ಷಕರೇ, ಮುಂದಿನ ಭಾನುವಾರ ಆ ಮಗುವನ್ನು ಹೊರಗೆ ನಿಲ್ಲಿಸದೆ, ಮುಂದಿನ ಬೆಂಚಿನಲ್ಲಿ ತಮ್ಮ ಬಳಿಯೇ ಕುಳ್ಳಿರಿಸಿಕೊಳ್ಳಿರಿ.