ಸಮವಸ್ತ್ರ ಕಳಚಿದ ಮೇಲೆ ಉಳಿಯುವುದು

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಶೈಕ್ಷಣಿಕ ಪ್ರವಾಸದ ಬಸ್ಸು ಬಂದು ನಿಂತಿತೆಂದರೆ ಮಕ್ಕಳು ಮೊದಲು ಓಡುವುದು ಚಾಪೆಲ್ ಯುದ್ಧನೌಕೆಯ ಕಡೆಗೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಈ ಕ್ಷಿಪಣಿ ದೋಣಿ 2006ರಿಂದ ಮರಳ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದರ ಹತ್ತಿರವೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯೂ ಇದೆ. ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನಿಂತ ಹುಡುಗರು ಮಾಸ್ತರರಿಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇವರು ಎಷ್ಟು ಮಂದಿ ವೈರಿಗಳನ್ನು ಹೊಡೆದರು ಸರ್?'

ಉತ್ತರ ಕೇಳಿದರೆ ಹುಡುಗರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ರಾಣೆಯವರಿಗೆ ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಪರಮವೀರ ಚಕ್ರ ಬಂದದ್ದು ಒಂದು ರಸ್ತೆಯನ್ನು ತೆರೆದುಕೊಟ್ಟದ್ದಕ್ಕೆ.

ರಾಣೆಯವರ ಕುಟುಂಬದ ಊರು ಕಾರವಾರದಿಂದ ಅಂಕೋಲೆಗೆ ಹೋಗುವಾಗ ಅರ್ಗಾದ ಬಳಿ ಸಿಗುವ ಚೆಂಡಿಯಾ. ಹುಟ್ಟಿದ್ದು 1918ರಲ್ಲಿ. ತಂದೆ ಪೊಲೀಸ್ ಪೇದೆ. ವರ್ಗಾವಣೆಯಾದಲ್ಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ 1930ರಲ್ಲಿ ಈ ಹನ್ನೆರಡರ ಹುಡುಗನೂ ಚಳವಳಿಯ ಕಡೆಗೆ ವಾಲಿದ. ಸರ್ಕಾರಿ ಚಾಕರಿಯಲ್ಲಿದ್ದ ತಂದೆ ಗಾಬರಿಯಾಗಿ ಸಂಸಾರವನ್ನು ಚೆಂಡಿಯಾಕ್ಕೆ ತಂದುಬಿಟ್ಟರು. ಹತ್ತು ವರ್ಷಗಳ ನಂತರ, 1940ರ ಜುಲೈನಲ್ಲಿ, ರಾಣೆ ಬಾಂಬೆ ಎಂಜಿನಿಯರ್ಸ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ ಭರ್ತಿಯಾದರು. ಸೇತುವೆ ಕಟ್ಟುವುದು, ಬೇಕಾದರೆ ಅದೇ ಸೇತುವೆಯನ್ನು ಉರುಳಿಸುವುದು, ರಸ್ತೆ ಮಾಡುವುದು, ನೆಲಬಾಂಬು ಹುಗಿಯುವುದು ಮತ್ತು ತೆಗೆಯುವುದು ಇಂಥ ಪಡೆಯ ಕೆಲಸ. ಇವರನ್ನು ಸ್ಯಾಪರ್ ಎನ್ನುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಬರ್ಮಾದಿಂದ ಸೇನೆ ಹಿಂದೆ ಸರಿಯುವಾಗ, ಬುತಿಡಾಂಗ್ ಎಂಬಲ್ಲಿ ಮದ್ದುಗುಂಡಿನ ದಾಸ್ತಾನು ಜಪಾನೀಯರ ಕೈಗೆ ಸಿಗದಂತೆ ನಾಶ ಮಾಡಲು ರಾಣೆಯವರನ್ನೂ ಒಂದಿಷ್ಟು ಸಿಪಾಯಿಗಳನ್ನೂ ಹಿಂದೆ ಉಳಿಸಲಾಯಿತು. ಕೆಲಸ ಮುಗಿಯಿತು. ಕರೆದೊಯ್ಯಬೇಕಾಗಿದ್ದ ಹಡಗು ಮಾತ್ರ ಸಿಗಲಿಲ್ಲ. ಜಪಾನೀಯರು ಕಾವಲಿದ್ದ ನದಿಯನ್ನು ದಾಟಿಸಿ ಅವರು ತಮ್ಮವರನ್ನು ಕರೆತಂದರು. ಹವಾಲ್ದಾರ್ ಆದರು, ಜಮಾದಾರ್ ಆದರು, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಸಿಪಾಯಿಯ ಮೆಟ್ಟಿಲಿನಿಂದ ಹತ್ತಿದ ಅಧಿಕಾರಿ ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಮುಂದಿನ ವರ್ಷದ ಏಪ್ರಿಲ್. ಜಮ್ಮು ಪ್ರಾಂತದ ನೌಶೇರಾದಿಂದ ರಜೌರಿಗೆ ಸೇನೆ ತುರ್ತಾಗಿ ತಲುಪಬೇಕು. ಗುಡ್ಡಗಳ ನಡುವಿನ ಒಂದೇ ರಸ್ತೆ. ವೈರಿಗಳು ಅಲ್ಲಲ್ಲಿ ಮರ ಕಡಿದು ಅಡ್ಡ ಹಾಕಿದ್ದರು, ನೆಲಬಾಂಬು ಹುಗಿದಿದ್ದರು, ಗುಡ್ಡದ ಮೇಲಿಂದ ಗುಂಡು ಹಾರಿಸುತ್ತಿದ್ದರು. ಏಪ್ರಿಲ್ 8ರಂದು ನಾಲ್ಕನೇ ಡೋಗ್ರಾ ಪಡೆ ಬರ್ವಾಲಿ ದಿಣ್ಣೆಯನ್ನು ಗೆದ್ದುಕೊಂಡಿತು. ಅಲ್ಲಿಂದ ಮುಂದೆ ಟ್ಯಾಂಕು ಹೋಗಲು ದಾರಿಯಿಲ್ಲ. 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ರಾಣೆ ಕೆಲಸಕ್ಕೆ ಇಳಿಯುತ್ತಿದ್ದಂತೆ ಮಾರ್ಟರ್ ದಾಳಿಯಾಗಿ ಅವರ ಇಬ್ಬರು ಸಹಚರರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡ ಐವರಲ್ಲಿ ರಾಣೆಯೂ ಒಬ್ಬರು. ಆದರೂ ಕೆಲಸ ಮುಂದುವರಿಯಿತು. ಮರುದಿನ ಸತತ 12 ಗಂಟೆ ದುಡಿದರು. ಬಾಂಬು ತೆಗೆಯಲಾಗದ ಕಡೆ ಪಕ್ಕದಲ್ಲಿ ಬದಲಿ ದಾರಿ ಮಾಡಿಕೊಟ್ಟರು. ಗುಂಡಿನ ಮಳೆಯಲ್ಲಿ ಮುಂದೆ ಹೋಗಲು ಸಾಧ್ಯವೇ ಇಲ್ಲವೆಂದಾದಾಗ ರಾಣೆ ಟ್ಯಾಂಕಿನ ಕೆಳಗೆ ತೆವಳಿಕೊಂಡು ಸೇರಿದರು. ಟ್ಯಾಂಕು ಚಲಿಸಿದಂತೆ ಅದರ ಹೊಟ್ಟೆಯಡಿಯಲ್ಲೇ ತಾವೂ ಚಲಿಸುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತ ನೆಲಬಾಂಬುಗಳನ್ನು ತೆಗೆದರು. ಏಪ್ರಿಲ್ 11ರಂದು ದಾರಿ ಚಿಂಗಸ್ ತಲುಪಿತು. ಅಲ್ಲಿಯೂ ಅವರು ಕೂರಲಿಲ್ಲ, ರಾತ್ರಿಯವರೆಗೆ ಮುಂದಿನ ರಸ್ತೆ ಬಿಡಿಸಿದರು. 12ರಂದು ರಜೌರಿ ಸೇನೆಯ ವಶವಾಯಿತು.

ಇದನ್ನು ಎದೆಗಾರಿಕೆ ಎಂದು ಕರೆದು ಮುಂದೆ ಹೋಗುವುದು ಸುಲಭ. ಎದೆಗಾರಿಕೆ ಇಲ್ಲದೆ ಇದು ಆಗದು, ನಿಜ. ಆದರೆ ಬರೀ ಎದೆಗಾರಿಕೆಯಿಂದ ನೆಲಬಾಂಬು ತೆಗೆಯಲು ಹೋದವನು ಮೊದಲನೆಯ ಬಾಂಬಿಗೇ ಬಲಿಯಾಗುತ್ತಾನೆ. ಈ ಕೆಲಸದ ಒಳಗುಟ್ಟು ಬೇರೆ.

ಲೋಹಶೋಧಕದ ತತ್ವವನ್ನು ಪ್ರೌಢಶಾಲೆಯ ಮಕ್ಕಳೂ ಅರಿಯಬಲ್ಲರು. ಒಂದು ತಂತಿಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿಸಿದರೆ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದರ ವ್ಯಾಪ್ತಿಯಲ್ಲಿ ಲೋಹವಿದ್ದರೆ ಲೋಹದೊಳಗೆ ಸುಳಿ ಪ್ರವಾಹಗಳು ಏಳುತ್ತವೆ. ಅವುಗಳ ಪ್ರತಿಕ್ರಿಯೆಯನ್ನು ಸುರುಳಿ ಗ್ರಹಿಸಿ ಕಿವಿಯ ಸಾಧನಕ್ಕೆ ಸದ್ದು ಕಳಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಕೈಯಲ್ಲಿ ಹಿಡಿದು ನಡೆಯಬಹುದಾದ ನೆಲಬಾಂಬು ಶೋಧಕವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದವರು ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ. ಅವರು ಅದಕ್ಕೆ ಪೇಟೆಂಟನ್ನೂ ಪಡೆಯದೆ ಬ್ರಿಟಿಷ್ ಸೇನೆಗೆ ಕೊಟ್ಟರು.

ಆದರೆ ಯಂತ್ರ 'ಇಲ್ಲಿ ಲೋಹವಿದೆ' ಎನ್ನುತ್ತದೆಯೇ ಹೊರತು 'ಇಲ್ಲಿ ಬಾಂಬು ಇದೆ' ಎನ್ನುವುದಿಲ್ಲ. ಕುದುರೆ ಲಾಳಕ್ಕೂ ಅದೇ ಸದ್ದು, ಗುಂಡಿನ ಚೂರಿಗೂ ಅದೇ ಸದ್ದು. ಆಗ ಸ್ಯಾಪರ್ ಮೊಣಕಾಲೂರಿ, ಚೂಪು ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾನೆ. ನೇರ ಚುಚ್ಚುವಂತಿಲ್ಲ, ಏಕೆಂದರೆ ಬಾಂಬು ಸಿಡಿಯುವುದು ಮೇಲಿನಿಂದ ಬೀಳುವ ಒತ್ತಡಕ್ಕೆ. ಓರೆಯಾಗಿ ಹೋದ ಸಲಾಕೆ ಅದರ ಪಕ್ಕೆಯನ್ನು ಮುಟ್ಟುತ್ತದೆ. ಒಂದು ಅಂಗೈ ಅಗಲ ನೋಡಿದ ಮೇಲೆ ಇನ್ನೊಂದು ಅಂಗೈ ಅಗಲ. ನೋಡಿ ಮುಗಿದ ಜಾಗಕ್ಕೆ ಗುರುತು. ಆ ಗುರುತನ್ನು ನಂಬಿ ಹಿಂದಿನವನು ಕಾಲಿಡುತ್ತಾನೆ. ನೂರು ಸಲ ಸುಳ್ಳು ಸದ್ದು ಕೇಳಿದರೂ ನೂರೊಂದನೆಯ ಸಲ ಅಷ್ಟೇ ಜಾಗ್ರತೆಯಿಂದ ಸಲಾಕೆ ಹಿಡಿಯಬೇಕು. ಬೇಸರಪಡದೆ ಪರೀಕ್ಷಿಸುವುದು, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಬೇರೆಯಾಗಿ ಇಡುವುದು, ಹಿಂದೆ ಬರುವವನಿಗೆ ಸುಳ್ಳಿಲ್ಲದ ಗುರುತು ಬಿಡುವುದು: ಸೇನೆ ತನ್ನ ಮನುಷ್ಯನಿಗೆ ಹಚ್ಚುವ ಅಭ್ಯಾಸ ಇದು. ನಿವೃತ್ತನಾಗುವ ದಿನ ಬಂದೂಕನ್ನು ಹಿಂದಿರುಗಿಸಿ ಬರುತ್ತಾನೆ. ಅಭ್ಯಾಸವನ್ನು ಹಿಂದಿರುಗಿಸಲು ಬರುವುದಿಲ್ಲ.

ಈ ಮಾತಿಗೆ ಸಾಕ್ಷಿ ಅಂಕೋಲಾ ತಾಲ್ಲೂಕಿನಲ್ಲೇ ಸಿಕ್ಕಿತು. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ದಾರಿಬದಿಯ ಚಹಾದಂಗಡಿ, ನಿಂತ ವಾಹನಗಳು, ಜನರು ಎಲ್ಲ ಮಣ್ಣಿನೊಂದಿಗೆ ಗಂಗಾವಳಿಗೆ ಹೋದರು. ಕೇರಳದ ಒಬ್ಬ ಚಾಲಕ ತನ್ನ ಲಾರಿಯ ಸಮೇತ ಕಾಣೆಯಾದ. ಎಡೆಬಿಡದ ಮಳೆ, ಕೆಂಪು ನೀರು, ನೆರೆಯ ಸೆಳೆತ. ಮುಳುಗುಗಾರರು ನದಿಗೆ ಇಳಿಯುವುದೇ ಅಪಾಯವಾಗಿತ್ತು. ಒಂದು ಕಡೆ ಕಣ್ಣೀರು ಹಾಕುವ ಮನೆಯವರು, ಇನ್ನೊಂದು ಕಡೆ ಗಳಿಗೆಗೊಂದು ಸುದ್ದಿ ಬೇಡುವ ಕ್ಯಾಮೆರಾಗಳು.

ಅಲ್ಲಿಗೆ ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ತಮ್ಮ ತಂಡದೊಂದಿಗೆ ಬಂದರು. ಹೂತುಹೋದ ವಸ್ತುವನ್ನು ಡ್ರೋನ್ ಮೂಲಕ ಪತ್ತೆಹಚ್ಚುವ ಉಪಕರಣ ಅವರ ಬಳಿ ಇತ್ತು. ಒದ್ದೆ ಜೇಡಿಮಣ್ಣು ಮತ್ತು ನೀರು ರೇಡಿಯೋ ಅಲೆಗಳನ್ನು ಬೇಗ ನುಂಗಿಬಿಡುತ್ತವೆ. ಶಿರೂರಿನಂಥ ಜಾಗ ಇಂಥ ಯಂತ್ರಗಳಿಗೆ ಬಲು ಕಷ್ಟದ ಪರೀಕ್ಷೆ. ನದಿಯಲ್ಲಿ ಲೋಹದ ಸುಳಿವು ಸಿಕ್ಕ ಕೆಲವು ಜಾಗಗಳನ್ನು ತಂಡ ಗುರುತಿಸಿತು. ಆ ಲೋಹ ಲಾರಿಯದಿರಬಹುದು, ಟ್ಯಾಂಕರಿನ ತುಂಡಿರಬಹುದು, ವಿದ್ಯುತ್ ಕಂಬದ್ದೋ ರಸ್ತೆಯಂಚಿನ ಕಬ್ಬಿಣದ್ದೋ ಇರಬಹುದು. ಇಲ್ಲಿಯೂ ಅದೇ ಮಾತು: ಯಂತ್ರ ಹೇಳುವುದು 'ಲೋಹವಿದೆ' ಎಂದಷ್ಟೇ. ಒಂದೇ ಗುರುತು ಹಾಕಿ 'ಸಿಕ್ಕಿತು' ಎಂದುಬಿಟ್ಟಿದ್ದರೆ ಆ ದಿನದ ಮಟ್ಟಿಗೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಹಾಗೆ ಮಾಡದೆ ಸಿಕ್ಕ ಜಾಗಗಳಿಗೆಲ್ಲ ಒಂದೊಂದು ಹೆಸರು ಕೊಟ್ಟು ದಾಖಲಿಸಿಟ್ಟರು. ಮಳೆಗಾಲ ಇಳಿದ ಮೇಲೆ ಗೋವಾದಿಂದ ಡ್ರೆಡ್ಜರ್ ಬಂತು. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿ ಮೇಲೆ ಬಂತು, ಅದರೊಳಗೆ ಚಾಲಕನ ದೇಹವೂ ಇತ್ತು. ಜೀವ ಉಳಿಯಲಿಲ್ಲ. ಮನೆಯವರಿಗೆ ಅಂತ್ಯಕ್ರಿಯೆಗೆ ಮಗ ಸಿಕ್ಕಿದ.

ಇನ್ನೊಂದು ಬಗೆಯ ಉದಾಹರಣೆ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರದು. ಶಾಲಾಮಾಸ್ತರರ ಮಗ, ಬಿಜಾಪುರದ ಸೈನಿಕ ಶಾಲೆಯ ವಿದ್ಯಾರ್ಥಿ, 1971ರ ಯುದ್ಧ ಕಂಡವರು. ಎಂಟು ವರ್ಷ ದುಡಿದು, ಇಪ್ಪತ್ತೆಂಟರ ಸುಮಾರಿಗೆ ಸೇನೆ ಬಿಟ್ಟರು. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿ ಬದಲಿಗೆ ಜಾವಗಲ್ ಕಡೆ ಬೀಳುಭೂಮಿ ಸಿಕ್ಕಿತ್ತು. ಅಲ್ಲಿ ಡೇರೆ ಹಾಕಿಕೊಂಡು ಇದ್ದು ಕೃಷಿ ಮಾಡಿದರು, ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರಿಗೂ ವಿಮಾನದ ಟಿಕೆಟ್ ಎಟಕುವಂತೆ ಮಾಡಿದರು. ಆ ಕಂಪನಿ ಮುಂದೆ ಕೈಬದಲಾಯಿತು, ಅದು ಬೇರೆ ಕಥೆ. ಬರಡು ನೆಲದಲ್ಲಿ ಡೇರೆ ಹೊಡೆದು ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಯೋಚಿಸುವ ರೂಢಿ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಸೇನೆಯಲ್ಲಿ ಕಲಿತದ್ದೆಲ್ಲ ಊರಿನಲ್ಲಿ ಹಾಗೆಯೇ ನಡೆಯುತ್ತದೆಂದು ತಿಳಿಯಬಾರದು. ಹತ್ತಕ್ಕೆ ಕರೆದ ಸಭೆ ಹನ್ನೊಂದೂವರೆಗೆ ಶುರುವಾಗುವ ಊರು ನಮ್ಮದು. ಒಂಬತ್ತೂ ಐವತ್ತೈದಕ್ಕೇ ಬಂದು ಕುಳಿತ ಮಾಜಿ ಸೈನಿಕನಿಗೆ ಸಿಟ್ಟು ಬರುತ್ತದೆ. ಜನ 'ಮಿಲಿಟ್ರಿ ಮನುಷ್ಯ, ಅವನ ಸ್ವಭಾವವೇ ಹಾಗೆ' ಎಂದು ನಕ್ಕು ದೂರ ಇಡುತ್ತಾರೆ. ಅಲ್ಲಿ ಹುಕುಂ ಸಾಕಾಗುತ್ತಿತ್ತು, ಇಲ್ಲಿ ಒಪ್ಪಿಸಬೇಕು. ಇದನ್ನು ಕಲಿಯಲು ಎಷ್ಟೋ ಮಂದಿಗೆ ವರ್ಷಗಳೇ ಹಿಡಿಯುತ್ತವೆ. ಕಲಿಯುವ ಮೊದಲೇ ಬೇಸತ್ತು ಮೂಲೆ ಹಿಡಿದವರೂ ಇದ್ದಾರೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಹಡಗಿನ ಜನರೇಟರನ್ನು ಹದಿನೈದು ವರ್ಷ ನೋಡಿಕೊಂಡವನು ಊರಿಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಾನೆ. ಕಾವಲು ಕೀಳು ಕೆಲಸವೆಂದಲ್ಲ. ಆದರೆ ಅವನ ಕೈಯ ವಿದ್ಯೆ ಅಲ್ಲಿ ತುಕ್ಕು ಹಿಡಿಯುತ್ತದೆ. ಕೆಲಸ ಕೊಡುವವರಿಗೆ ಸೈನಿಕನೆಂದರೆ ಬಂದೂಕು ಮಾತ್ರ ಕಣ್ಣಿಗೆ ಬೀಳುತ್ತದೆ. ಅವನೂ ಅರ್ಜಿಯಲ್ಲಿ 'ಇಷ್ಟು ವರ್ಷ ಸೇವೆ ಸಲ್ಲಿಸಿದ್ದೇನೆ' ಎಂದು ಒಂದೇ ಸಾಲು ಬರೆಯುತ್ತಾನೆ. ಯಾವ ಯಂತ್ರ, ಎಷ್ಟು ಸಾಮರ್ಥ್ಯದ್ದು, ಎಷ್ಟು ಜನ ಕೈಕೆಳಗೆ ಇದ್ದರು, ಎಷ್ಟು ಸಾಮಾನಿಗೆ ಲೆಕ್ಕ ಕೊಡುತ್ತಿದ್ದ ಎಂಬುದೆಲ್ಲ ಹೇಳದೆ ಉಳಿಯುತ್ತದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ.

ಕಾರವಾರ, ಅಂಕೋಲೆಯ ಪಾಲಕರಿಗೆ ಇದು ದೂರದ ಮಾತಲ್ಲ. 1986ರಲ್ಲಿ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಎರಡೂ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಇದಕ್ಕಾಗಿ ಮನೆ, ಗದ್ದೆ, ಕಡಲು ಬಿಟ್ಟವು. ಅಂಥ ಮನೆಗಳ ಮಕ್ಕಳು ಈಗ ದಿನವೂ ಬಿಳಿ ಸಮವಸ್ತ್ರ ನೋಡುತ್ತ ಬೆಳೆಯುತ್ತಿದ್ದಾರೆ. ಪಿಯುಸಿ ಮುಗಿಸಿದ ಹುಡುಗ 'ಅಗ್ನಿವೀರನಾಗುತ್ತೇನೆ' ಎಂದಾಗ ತಂದೆ ಕೇಳುವುದು ನ್ಯಾಯವೇ: ನಾಲ್ಕು ವರ್ಷವಾದ ಮೇಲೆ ಏನು?

2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷದೊಳಗಿನವರು ಸೇರಬಹುದು. ನಾಲ್ಕು ವರ್ಷಗಳ ನಂತರ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳಲಾಗುತ್ತದೆ. ಉಳಿದವರು ಸುಮಾರು 11.7 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ ಊರಿಗೆ ಬರುತ್ತಾರೆ, ಪಿಂಚಣಿಯಿಲ್ಲ. ಹಿಂದಿನ ಸೈನಿಕ ಮೂವತ್ತೈದು ನಲವತ್ತಕ್ಕೆ ಬರುತ್ತಿದ್ದ. ಇವನು ಇಪ್ಪತ್ತೆರಡಕ್ಕೆ, ಇಪ್ಪತ್ತೈದಕ್ಕೆ ಬಂದು ನಿಲ್ಲುತ್ತಾನೆ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ಪುಟಗಳಲ್ಲಿ ಸಾಕಷ್ಟು ನಡೆದಿದೆ. ಮನೆಯಲ್ಲಿ ಕೂತು ಮಾಡಬಹುದಾದ ಲೆಕ್ಕ ಒಂದಿದೆ.

ಹತ್ತನೆಯ ತರಗತಿ ಮುಗಿಸಿ ಸೇರಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯಲು ಅವಕಾಶ ಮಾಡುವುದಾಗಿ 2022ರಲ್ಲೇ ಘೋಷಣೆಯಾಯಿತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿಯಲ್ಲಿ ಅರ್ಧದಷ್ಟು ಅಂಕಗಳು ಸೇವೆಯಲ್ಲಿ ಪಡೆದ ತರಬೇತಿಗೇ ಸಿಗುವಂತೆ ವ್ಯವಸ್ಥೆಯೂ ಆಯಿತು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10ರ ಮೀಸಲಾತಿಯನ್ನೂ ಪ್ರಕಟಿಸಲಾಯಿತು. ಇವೆಲ್ಲ ತಾವಾಗಿ ಮನೆಬಾಗಿಲಿಗೆ ಬರುವುದಿಲ್ಲ. ಅರ್ಜಿ ಹಾಕಬೇಕು, ಓದಬೇಕು, ಪರೀಕ್ಷೆ ಬರೆಯಬೇಕು. ಹುಡುಗ ಯಾವ ಟ್ರೇಡಿಗೆ ಹೋಗುತ್ತಾನೆ ಎಂಬುದನ್ನು ಪಾಲಕರು ಕೇಳಿ ತಿಳಿದುಕೊಳ್ಳಬೇಕು. ವಿದ್ಯುತ್ತೋ, ಎಂಜಿನ್ನೋ, ರೇಡಿಯೋನೋ, ಉಗ್ರಾಣದ ಲೆಕ್ಕವೋ?

ಸೇರಿದ ಮೊದಲ ದಿನದಿಂದ ಒಂದು ನೋಟುಪುಸ್ತಕ ಇಟ್ಟುಕೊಂಡರೆ ಒಳ್ಳೆಯದು. ಗುಟ್ಟಿನ ವಿಷಯ ಅದರಲ್ಲಿ ಬರೆಯುವಂತಿಲ್ಲ, ಬರೆಯುವ ಅಗತ್ಯವೂ ಇಲ್ಲ. ಯಾವ ತರಬೇತಿ, ಎಷ್ಟು ವಾರ, ಯಾವ ಪ್ರಮಾಣಪತ್ರ, ಯಾವ ಕೌಶಲ, ಎಷ್ಟು ಜನರ ಜವಾಬ್ದಾರಿ ಎಂದು ಬರೆದಿಟ್ಟರೆ ಸಾಕು. ನೌಕಾಪಡೆಯ ಮೊದಲ ಅಗ್ನಿವೀರರು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಮುಗಿಸಿ ಪಥಸಂಚಲನ ಮಾಡಿದ್ದು 2023ರ ಮಾರ್ಚ್ 28ರಂದು. ಅವರು ಸೇರಿದ್ದು 2022ರ ಕೊನೆಯಲ್ಲಿ. ಅವರಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ.